ಕೊಕ್ಕರೆಯ ಎದೆಯ ಗರಿಗಳು

೬ ಡಿಸೆಂಬರ್

ಭೂತಗನ್ನಡಿ ಮಾಮನಿಗೆ ನಮಸ್ಕಾರ.

ಈ ಹೆಸರಿನಿಂದ ಕರೆದರೆ ನೀವು ಈಗಲೂ ಗದರುತ್ತೀರೋ ಏನೋ. ಬೇರೆ ಹೆಸರಿನಿಂದ ನಿಮ್ಮನ್ನು ಕರೆದ ಅಭ್ಯಾಸವೇ ನನಗಿಲ್ಲ. ನಾನು ಹಲ್ಲುಮೇಷ್ಟ್ರ ಮಗಳು. ಅಪ್ಪನ ಜೊತೆ ನಾಣ್ಯ ನೋಡಲು ನೀವು ನಮ್ಮ ಮನೆಗೆ ಬರುತ್ತಿದ್ದಾಗ, ಅಪ್ಪ ಮಾಡಿಟ್ಟ ಹಲ್ಲಿನ ಸೆಟ್ಟುಗಳ ನಡುವೆ ಕೂತು ನಿಮ್ಮ ಭೂತಗನ್ನಡಿ ಕಸಿದುಕೊಳ್ಳುತ್ತಿದ್ದವಳು. ನೀವು ನನ್ನನ್ನು ಚಿಲ್ಲರೆ ಅಂತ ಕರೆಯುತ್ತಿದ್ದಿರಿ.

ಅಪ್ಪ ಆಗಸ್ಟಿನಲ್ಲಿ ಹೋದರು. ನಿಮಗೆ ತಿಳಿಸಬೇಕೋ ಬೇಡವೋ ಎಂದು ಗೊತ್ತಾಗಲಿಲ್ಲ. ನೀವಿಬ್ಬರೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾಕೆ ಎಂದು ಕೇಳಿದರೆ ಅಪ್ಪ, "ಅವನ ಕಣ್ಣು ಬಹಳ ಚುರುಕು," ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರು.

ವಿಷಯಕ್ಕೆ ಬರುತ್ತೇನೆ. ಇದರ ಜೊತೆ ಹತ್ತಿಯಲ್ಲಿ ಸುತ್ತಿ ಒಂದು ಬಿಲ್ಲೆ ಕಳಿಸಿದ್ದೇನೆ. ಇದು ನಾಣ್ಯವಲ್ಲ ಅನ್ನುವುದು ನನಗೂ ಗೊತ್ತು. ಒಂದು ಮುಖದಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆ, ಇನ್ನೊಂದರಲ್ಲಿ 317 ಎಂಬ ಅಂಕಿ, ಸುತ್ತ ಚುಕ್ಕಿಗಳು. ಊರಿನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. ಇದು ಯಾವ ಕಂಪನಿಯದು, ಆ ಕಂಪನಿ ಈಗ ಎಲ್ಲಿದೆ, ಇಷ್ಟು ಹೇಳಿದರೆ ಉಪಕಾರವಾಗುತ್ತದೆ. ಬೆಲೆಯನ್ನೂ ಹೇಳಿ. ಬೆಲೆ ಕಟ್ಟದೆ ನೀವು ಯಾವುದನ್ನೂ ಕೈಯಿಂದ ಕೆಳಗಿಡುವವರಲ್ಲ ಎಂಬುದು ನೆನಪಿದೆ. ಆದರೆ ನಾನು ಕಳಿಸಿದ್ದು ಮಾರುವುದಕ್ಕಲ್ಲ, ಅಣ್ಣನನ್ನು ಹುಡುಕುವುದಕ್ಕೆ.

ಅಣ್ಣ ಅಪ್ಪನ ಜೊತೆ ಜಗಳವಾಡಿ ಸಮುದ್ರದ ಕಡೆ ಕೆಲಸಕ್ಕೆ ಹೋದದ್ದು ನಿಮಗೆ ಗೊತ್ತಿದೆ. ಮೊದಲ ರಜೆಗೆ ಬಂದಾಗ ಇಂಥದ್ದೇ ಬಿಲ್ಲೆಯನ್ನು ಅಮ್ಮನ ಕೈಯಲ್ಲಿಟ್ಟು, "ನೋಡಮ್ಮ, ನನ್ನ ಬಂಡವಾಳ ಎಲ್ಲಾ ಇಷ್ಟೇ. ಇದನ್ನ ತೋರಿಸದಿದ್ರೆ ಅಲ್ಲಿ ಒಂದು ಸೋಪೂ ಸಿಗಲ್ಲ," ಅಂತ ನಕ್ಕು ವಾಪಸ್ ಜೇಬಿಗೆ ಹಾಕಿಕೊಂಡಿದ್ದ. ಮರುವರ್ಷ ಬರಲಿಲ್ಲ. ಅಪ್ಪ ಹುಡುಕಿಕೊಂಡು ಹೋಗಿ, ಸುಮಾರು ದಿನ ಬಿಟ್ಟು ಬಂದರು. "ಕೆಲಸ ಬಿಟ್ಟಿದಾನಂತೆ. ಊರೂರು ಸುತ್ತಾ ಇದಾನಂತೆ," ಎಂದರು. ಆ ನವೆಂಬರಿನಲ್ಲಿ ಅಮ್ಮನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಕಾಗದವಿಲ್ಲ, ಬರೀ ಬಿಲ್ಲೆ. ಅಂದಿನಿಂದ ವರ್ಷಕ್ಕೊಂದು, ಪ್ರತಿ ನವೆಂಬರಿನಲ್ಲಿ, ಪ್ರತಿ ಸಲ ಬೇರೆ ಊರಿನ ಮುದ್ರೆ ಹೊತ್ತು. ಅಮ್ಮನಿಗೆ ಅದೇ ಪತ್ರ. "ಇದೀನಿ ಅಂತ ಹೇಳ್ತಾನೆ, ಸಾಕಲ್ಲ," ಅನ್ನುತ್ತಾಳೆ.

ಈ ನವೆಂಬರಿನಲ್ಲಿ ಬರಲಿಲ್ಲ.

ಅಪ್ಪ ಸತ್ತದ್ದು ಯಾರ ಬಾಯಿಂದಲೋ ಅವನಿಗೆ ಗೊತ್ತಾಗಿದೆ, ನಾವು ತಿಳಿಸಲಿಲ್ಲ ಎಂದು ಮುನಿದಿದ್ದಾನೆ, ಇದು ಅಮ್ಮನ ಲೆಕ್ಕ. ಊಟ ಅರ್ಧಕ್ಕರ್ಧ ಇಳಿದಿದೆ. ಸಂಜೆಯಾದರೆ ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ಅಣ್ಣನ ಜೊತೆ ಮಾತಾಡುತ್ತಾಳೆ. ವಯಸ್ಸಾದವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವುದು ಇದ್ದದ್ದೇ ಎಂದು ಸುಮ್ಮನಿರುತ್ತಿದ್ದೆ. ಆದರೆ ಅಮ್ಮ ಮಾತಾಡಿ, ನಿಲ್ಲಿಸಿ, ಅವನ ಉತ್ತರಕ್ಕೆ ಸಮಯ ಕೊಟ್ಟು, ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾಳೆ. ಆ ನಡುವಿನ ನಿಶ್ಶಬ್ದವನ್ನು ಕೇಳಿಸಿಕೊಳ್ಳಲು ನನಗೆ ಹೆದರಿಕೆಯಾಗುತ್ತದೆ ಮಾಮ.

ಅವನು ಎಲ್ಲಿದ್ದರೂ ಹುಡುಕಿ, ಕಿವಿ ಹಿಡಿದು ತಂದು ಒಂದು ಸಲ ಬಾಗಿಲಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಅಮ್ಮ ಉಳಿಯುವುದಿಲ್ಲ.

ನಿಮ್ಮ
ಚಿಲ್ಲರೆ


೧೯ ಡಿಸೆಂಬರ್

ಚಿಲ್ಲರೆ,

ನಿಮ್ಮಪ್ಪ ಹೋದದ್ದು ನನಗೆ ಆಗಲೇ ಗೊತ್ತಾಗಿತ್ತು. ನಾಣ್ಯದವರ ಬಾಯಲ್ಲಿ ಸುದ್ದಿ ನಿಲ್ಲುವುದಿಲ್ಲ. ಬರಲಿಲ್ಲ. ಬದುಕಿದ್ದಾಗ ಮುರಿದುಕೊಂಡ ಮಾತನ್ನು ಹೆಣದ ಮುಂದೆ ನಿಂತು ಜೋಡಿಸುವುದು ನನ್ನಿಂದಾಗುವ ಕೆಲಸವಲ್ಲ. ಬೇಜಾರು ಮಾಡಿಕೊಳ್ಳಬೇಡ.

ಬಿಲ್ಲೆಯ ವಿಷಯ. ಇದು ಸಮುದ್ರದ ದಂಡೆಯಲ್ಲಿ ಉಪ್ಪು ತೆಗೆಯುತ್ತಿದ್ದ ಒಂದು ಕಂಪನಿಯ ಅಂಗಡಿ ಬಿಲ್ಲೆ. ಅಂಥ ಜಾಗದಲ್ಲಿ ಸುತ್ತಮುತ್ತ ಬೇರೆ ಅಂಗಡಿ ಇರುವುದಿಲ್ಲ. ಕಂಪನಿಯೇ ಅಂಗಡಿ ಇಟ್ಟು, ಪ್ರತಿ ಕೆಲಸಗಾರನಿಗೆ ಅವನ ಅಂಕಿಯ ಬಿಲ್ಲೆ ಕೊಡುತ್ತಿತ್ತು. ಬಿಲ್ಲೆ ತೋರಿಸಿದರೆ ಸಾಮಾನು ಸಿಗುತ್ತದೆ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಓದುಬರಹ ಬಾರದವರಿಗೂ ಗೊತ್ತಾಗಲಿ ಎಂದು ಹೆಸರಿನ ಬದಲು ಕೊಕ್ಕರೆ. ಸಂಗ್ರಹಕಾರರಲ್ಲಿ ಇದಕ್ಕೆ ಒಳ್ಳೆಯ ಬೇಡಿಕೆಯಿದೆ. ಕಂಪನಿ ಮುಚ್ಚಿ ಹತ್ತು ವರ್ಷದ ಮೇಲಾಯಿತು. ಈಗ ಅಲ್ಲಿಗೆ ಹೋದರೆ ಮುರಿದ ಶೆಡ್ಡುಗಳು ಸಿಗುತ್ತವೆ, ನಿಮ್ಮಣ್ಣ ಸಿಗುವುದಿಲ್ಲ.

ಆದರೆ ನಿನ್ನ ಮಾತಿನಲ್ಲಿ ಒಂದು ತೊಡಕಿದೆ. ಒಬ್ಬನಿಗೆ ಒಂದೇ ಬಿಲ್ಲೆ. ಕಳೆದುಕೊಂಡರೆ ಹೊಸ ಅಂಕಿಯದು ಕೊಡುತ್ತಿದ್ದರೇ ಹೊರತು ಅದೇ ಅಂಕಿಯನ್ನು ಮತ್ತೆ ಹೊಡೆಯುತ್ತಿರಲಿಲ್ಲ. ಇಲ್ಲದಿದ್ದರೆ ಒಬ್ಬನ ಹೆಸರಲ್ಲಿ ಇಬ್ಬರು ಉಣ್ಣುತ್ತಾರೆ. ಹಾಗಿರುವಾಗ ನಿಮ್ಮಣ್ಣ ವರ್ಷಕ್ಕೊಂದನ್ನು ಎಲ್ಲಿಂದ ತಂದ? ಮುಚ್ಚಿದ ಕಂಪನಿಯ ಬಿಲ್ಲೆ ಹೋದ ವರ್ಷ ಹೇಗೆ ಬಂತು?

ಜೊತೆಗೆ ಇದರ ಮೈ ನನಗೆ ಸರಿ ಕಾಣುತ್ತಿಲ್ಲ. ಕಲ್ಲಿನ ಮೇಲೆ ಬೀಳಿಸಿದರೆ ಒಳ್ಳೆಯ ಬಿಲ್ಲೆ ಉಲಿಯಬೇಕು. ಇದು ಗೊಣಗುತ್ತದೆ. ಉಳಿದವನ್ನೂ ಕಳಿಸು, ಲಕೋಟೆಗಳಿದ್ದರೆ ಅವನ್ನೂ. ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಸುತ್ತು. ನಿಂಬೆಹಣ್ಣು, ಹಲ್ಲುಪುಡಿ ಅಂತ ಯಾವುದನ್ನೂ ಹತ್ತಿರ ತರಬೇಡ. ತೊಳೆದ ಬಿಲ್ಲೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬೆಲೆ ಆಮೇಲೆ.

ಭೂತಗನ್ನಡಿ


೧೪ ಜನವರಿ

ಮಾಮ,

ಎಲ್ಲವನ್ನೂ ಕಳಿಸುತ್ತಿದ್ದೇನೆ. ಡಬ್ಬಿಯನ್ನು ಅಮ್ಮನ ಕೈಯಿಂದ ಪಡೆಯಲು ಇಷ್ಟು ದಿನ ಬೇಕಾಯಿತು. ಸುಳ್ಳು ಹೇಳಲಿಲ್ಲ. "ಅಣ್ಣನ್ನ ಹುಡುಕಬೇಕು ಅಂದ್ರೆ ಇವು ಬೇಕು," ಅಂದೆ. ಅಮ್ಮ ಡಬ್ಬಿಯ ಮುಚ್ಚಳ ತೆಗೆದು ಒಂದೊಂದನ್ನೂ ಮುಟ್ಟಿ ನೋಡಿ ಕೊಟ್ಟಳು, ಶಾಲೆಗೆ ಹೊರಟ ಮಗುವಿನ ಕಾಲರು ಸರಿಮಾಡುತ್ತಾರಲ್ಲ, ಹಾಗೆ. "ಎಲ್ಲಾ ವಾಪಸ್ ಬರ್ಬೇಕು," ಅಂತ ಎಚ್ಚರಿಕೆ ಬೇರೆ. ನೀವು ಹೇಳಿದಂತೆ ತೊಳೆದಿಲ್ಲ, ಆದರೆ ಅಮ್ಮ ಇಷ್ಟು ವರ್ಷ ಬೆರಳಲ್ಲಿ ಉಜ್ಜಿದ್ದಕ್ಕೆ ನಾನು ಏನೂ ಮಾಡಲಾರೆ.

ಎಲ್ಲದರಲ್ಲೂ 317 ಇದೆ. ನನಗೆ ಅದು ಒಂದು ದಿನವೂ ವಿಚಿತ್ರ ಅನ್ನಿಸಿರಲಿಲ್ಲ. ನಾನು ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಒಂದು ವಾರ್ಡಿನ ಚಾದರಗಳಿಗೆಲ್ಲ ಒಂದೇ ಅಂಕಿ. ಅಣ್ಣನ ಅಂಕಿ 317, ಹಾಗಾಗಿ ಅವನ ಬಿಲ್ಲೆಗಳೆಲ್ಲ 317, ಅಷ್ಟೇ ಅಂದುಕೊಂಡಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಡಬ್ಬಿಯಲ್ಲಿದ್ದ ಒಂದೊಂದರ ಅಂಕಿಯನ್ನೂ ಮತ್ತೆ ಓದಿದೆ.

ಇನ್ನೊಂದು ವಿಷಯ ಯಾರ ಹತ್ತಿರವೂ ಹೇಳಿಲ್ಲ. ಅಮ್ಮ ಅಪ್ಪನಿಗಾಗಿ ಅತ್ತಿಲ್ಲ. ಬಂದವರು ಅತ್ತರು, ಅಮ್ಮ ಅವರಿಗೆ ನೀರು ತಂದುಕೊಟ್ಟಳು. ಕೋಪ ಅದು. ಪ್ರತಿ ವರ್ಷ ಬಿಲ್ಲೆ ಬಂದಾಗ ಅಮ್ಮ ಕುಣಿದಾಡಿಕೊಂಡು ಅಪ್ಪನಿಗೆ ತೋರಿಸಲು ಹೋಗುತ್ತಿದ್ದಳು. ಅಪ್ಪ ಅದರ ಕಡೆ ನೋಡದೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜಗತ್ತಿನ ಸವೆದ ಚೂರುಗಳನ್ನೆಲ್ಲ ಕಣ್ಣಿಗೊತ್ತಿಕೊಂಡು ನೋಡುವ ಮನುಷ್ಯ, ಮಗ ಕಳಿಸಿದ್ದನ್ನು ಮಾತ್ರ ನೋಡುತ್ತಿರಲಿಲ್ಲ. ಒಂದು ಸಲ ಅಮ್ಮ ಬಾಗಿಲಾಚೆ ನಿಂತು ಕೂಗಿದ್ದು ನನಗೆ ನೆನಪಿದೆ: "ನೀವು ಮನುಷ್ಯರಲ್ಲ, ಕಲ್ಲು!" ಒಳಗಿಂದ ಲೋಹಕ್ಕೆ ಅರ ತಿಕ್ಕುವ ಸದ್ದು ಮಾತ್ರ ಬರುತ್ತಿತ್ತು.

ಆ ಕೋಣೆಗೆ ಈಗ ಬೀಗ ಹಾಕಿದ್ದೇವೆ. ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಒಮ್ಮೊಮ್ಮೆ ಆ ಸದ್ದು ಕೇಳುತ್ತದೆ. ಪಕ್ಕದ ಮನೆಯವರ ಹೊಲಿಗೆ ಮಿಷನ್ನು ಇರಬಹುದು. ಇರಲಿ ಅಂದುಕೊಳ್ಳುತ್ತೇನೆ. ಅಮ್ಮ ಮಾತ್ರ ತಲೆಯೆತ್ತಿ, "ಕೇಳಿಸ್ತಾ?" ಅನ್ನುತ್ತಾಳೆ.

ಬೇಗ ಬರೆಯಿರಿ.

ಚಿಲ್ಲರೆ


೨ ಫೆಬ್ರವರಿ

ಮಗಳೇ,

ಕೂತು ಓದು. ಅಮ್ಮ ಹತ್ತಿರವಿದ್ದರೆ ಹೊರಗೆ ಹೋಗಿ ಓದು.

ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿದೆ. ಇವು ಕಂಪನಿಯವಲ್ಲ. ಕಂಪನಿಯ ಬಿಲ್ಲೆಯನ್ನು ಯಂತ್ರದಲ್ಲಿ ಒತ್ತಿ ಹೊಡೆದಿರುತ್ತಾರೆ, ಗೆರೆಗಳು ಚೂಪಾಗಿ ಎದ್ದಿರುತ್ತವೆ. ಇವನ್ನು ಲೋಹ ಕರಗಿಸಿ ಎರಕ ಹೊಯ್ದಿದ್ದಾರೆ. ಗೆರೆ ಮೆತ್ತಗಿದೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿವೆ, ಗಾತ್ರ ಒಂದು ಎಳೆ ಚಿಕ್ಕದಾಗಿದೆ. ಲೋಹ ಒಳಗಿಳಿದ ಜಾಗವನ್ನು ಅಂಚಿನಲ್ಲಿ ಅರ ಹಾಕಿ ತಿಕ್ಕಿದ್ದಾರೆ. ಕೊಕ್ಕರೆಯ ಕೊಕ್ಕಿನ ಕೆಳಗೆ ಒಂದು ಗೀರಿದೆ, ಜೇಬಿನಲ್ಲಿ ಬೀಗದಕೈ ತಾಗಿ ಆಗುವಂಥದ್ದು. ಅದೇ ಗೀರು ಅದೇ ಜಾಗದಲ್ಲಿ ಎಲ್ಲದರಲ್ಲೂ ಇದೆ. ಜೇಬಿನ ಬೀಗದಕೈಗೆ ಅಷ್ಟು ಶಿಸ್ತು ಇರುವುದಿಲ್ಲ. ಎಲ್ಲೋ ಒಂದು ಅಸಲಿ ಬಿಲ್ಲೆಗೆ ಗೀರು ಬಿದ್ದಿದೆ, ಇವೆಲ್ಲ ಅದರ ಅಚ್ಚಿನಿಂದ ಹುಟ್ಟಿದ ಮಕ್ಕಳು. ಅಸಲಿ ನಿನ್ನ ಡಬ್ಬಿಯಲ್ಲಿಲ್ಲ.

ಇನ್ನು ಕೊಕ್ಕರೆಯ ಎದೆ. ಗೀರು, ಕೊಕ್ಕು, ಕಾಲು ಎಲ್ಲದರಲ್ಲೂ ಒಂದೇ. ಎದೆಯ ಗರಿಗಳು ಮಾತ್ರ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಗರಿಗಳ ಸುತ್ತ ತೆಳ್ಳಗೆ ಒಂದು ಉಂಗುರದ ಗುರುತಿದೆ. ಅಂದರೆ ಅಸಲಿಯ ಎದೆಯಲ್ಲಿ ತೂತಿತ್ತು. ಪ್ರತಿ ಸಲ ಆ ತೂತಿಗೆ ಮೇಣ ತುಂಬಿ, ಮೇಲೆ ಗರಿಗಳನ್ನು ಕೈಯಲ್ಲೇ ಕೊರೆದು, ಆಮೇಲೆ ಅಚ್ಚು ತೆಗೆದಿದ್ದಾರೆ. ಮೇಣ ತುಂಬಿ, ಅಚ್ಚು ತೆಗೆದು, ಎರಕ ಹೊಯ್ದು, ಅರ ಹಾಕುವುದು ಯಾರ ಕಸುಬು ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ಊರಿನ ಅರ್ಧ ಮುದುಕರು ನಿಮ್ಮಪ್ಪನ ಹಲ್ಲಿನಲ್ಲೇ ಊಟ ಮಾಡುತ್ತಿದ್ದರು.

ತೂತಿನ ಅರ್ಥವನ್ನೂ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೆ ನೋವು ಕಡಿಮೆಯಾಗುವುದಿಲ್ಲ. ಆ ಕಂಪನಿಯವರು ಉಪ್ಪಿನ ಪಾತಿಗಳಿಗೆ ಇಳಿಯುವ ಮೊದಲು ಬಿಲ್ಲೆಯನ್ನು ಅಂಗಡಿಯ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಕೆಲಸದಲ್ಲಿ ಯಾರಾದರೂ ಸತ್ತರೆ ಆ ಬಿಲ್ಲೆಯನ್ನು ಇನ್ನೊಬ್ಬ ಬಳಸದ ಹಾಗೆ ಕೊಕ್ಕರೆಯ ಎದೆಗೆ ತೂತು ಹೊಡೆದು ಮನೆಯವರಿಗೆ ಕೊಡುತ್ತಿದ್ದರು. ಬಿಲ್ಲೆಗಳನ್ನೇ ಸಂಗ್ರಹಿಸುವ ಗೆಳೆಯನೊಬ್ಬನನ್ನು ಕೇಳಿದೆ. ನಿಮ್ಮಣ್ಣ ಮನೆಗೆ ಬಾರದ ವರ್ಷ ಅಲ್ಲಿ ಸಮುದ್ರದ ಒಡ್ಡು ಒಡೆಯಿತಂತೆ. ತೂತಿನ ಬಿಲ್ಲೆಗಳಲ್ಲಿ ಹೆಚ್ಚಿನವು ಆ ವರ್ಷದವೇ ಎಂದು ಅವನು ಸಲೀಸಾಗಿ ಹೇಳಿದ. ನಾನೂ ಇಷ್ಟು ಕಾಲ ಇಂಥ ಮಾತನ್ನು ಹಾಗೆಯೇ ಸಲೀಸಾಗಿ ಆಡಿದವನು. ಅವತ್ತು ಫೋನು ಇಟ್ಟ ಮೇಲೆ ದೀಪ ಹಾಕಲು ಮನಸ್ಸಾಗಲಿಲ್ಲ.

ಲಕೋಟೆಗಳ ಮೇಲಿನ ಊರುಗಳನ್ನು ನೋಡಿದೆ. ಅವು ನಮ್ಮ ನವೆಂಬರಿನ ನಾಣ್ಯ ಮೇಳ ನಡೆದ ಊರುಗಳು, ವರ್ಷದಿಂದ ವರ್ಷಕ್ಕೆ, ಒಂದೂ ತಪ್ಪದೆ. ಪ್ರತಿ ಮೇಳದಲ್ಲೂ ನಾನಿದ್ದೆ. ಹಜಾರದ ಈ ತುದಿಯಲ್ಲಿ ನಾನು ಕೂರುತ್ತಿದ್ದೆ, ಆ ತುದಿಯಲ್ಲಿ ಅವನು.

ನಿಮ್ಮಣ್ಣ ಊರೂರು ಸುತ್ತಲಿಲ್ಲ ಮಗಳೇ. ಸುತ್ತಿದ್ದು ನಿಮ್ಮಪ್ಪ.

ಮಾತು ಬಿಟ್ಟದ್ದು ಯಾಕೆ ಎಂದು ಈಗ ಹೇಳಬಹುದು. ಒಂದು ದಿನ ಹೇಳದೆ ಕೇಳದೆ ಅವನ ಕೋಣೆಗೆ ಹೋದೆ. ಮೇಜಿನ ಮೇಲೆ ಯಾವುದೋ ಬಿಲ್ಲೆಯ ಅಚ್ಚು, ಇನ್ನೂ ಬಿಸಿಯಾಗಿದ್ದ ಎರಕ. ನಮ್ಮ ಮಂದಿಯಲ್ಲಿ ನಕಲಿ ಮಾಡುವವನಿಗೆ ಯಾರೂ ಪಕ್ಕದಲ್ಲಿ ಜಾಗ ಕೊಡುವುದಿಲ್ಲ. "ಯಾರ ತಲೆಗೆ ಕಟ್ಟೋಕೆ ಮಾಡ್ತಾ ಇದೀಯ?" ಅಂದೆ. ಅವನು, "ಹೋಗಿ ಎಲ್ರಿಗೂ ಹೇಳು," ಅಂದ. ಹೇಳಿದೆ. ಒಂದೇ ಒಂದು ಮಾತು ಅವನು ಹೇಳಬಹುದಿತ್ತು. ಮೊಂಡ! ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ, ಇಳಿದಿಲ್ಲ.

ಬಿಲ್ಲೆಗಳನ್ನು ಬಂದ ವರ್ಷದ ಸಾಲಿನಲ್ಲೇ ಸುತ್ತಿ ವಾಪಸ್ ಕಳಿಸಿದ್ದೇನೆ. ಮೊದಲಿನವುಗಳಲ್ಲಿ ಗರಿಗಳು ಒರಟಾಗಿವೆ. ಬರುಬರುತ್ತ ನಯವಾಗುತ್ತವೆ. ನಡುವಿನವುಗಳಲ್ಲಿ ಕಂಪನಿಯವನಿಗಿಂತ ಚೆನ್ನಾಗಿ ಕೊರೆದಿದ್ದಾನೆ. ಕೊನೆಯ ಕೆಲವುಗಳಲ್ಲಿ ಕೈ ನಡುಗಿದೆ.

ಅಸಲಿ ಅವನ ಕೋಣೆಯಲ್ಲೇ ಇರಬೇಕು. ಹುಡುಕುವುದು ಬಿಡುವುದು ನಿನಗೆ ಸೇರಿದ್ದು.

ಮಾಮ


೨೦ ಮಾರ್ಚ್

ಚಿಲ್ಲರೆ,

ಪಾರ್ಸೆಲ್ ಮುಟ್ಟಿತು ಎಂದಾದರೂ ಒಂದು ಸಾಲು ಬರೆ. ಬೈಯುವುದಿದ್ದರೆ ಬೈದೇ ಬರೆ. ಅಂಚೆಯವನ ಸೈಕಲ್ ಸದ್ದಿಗೆ ಎದ್ದು ಬಾಗಿಲಿಗೆ ಹೋಗುವವನು ನಾನಾಗಿರಲಿಲ್ಲ, ಈಗ ಆಗಿದ್ದೇನೆ.

ಮಾಮ


೪ ಏಪ್ರಿಲ್

ಮಾಮ,

ಮುಟ್ಟಿತು. ನಿಮ್ಮನ್ನಲ್ಲ, ಅಪ್ಪನನ್ನು ಬೈಯುತ್ತ ಇಷ್ಟು ದಿನ ಕಳೆದೆ. ಸತ್ತವರನ್ನು ಬೈಯುವುದರಲ್ಲಿ ಸುಖವಿಲ್ಲ, ಅವರು ತಿರುಗಿ ಒಂದು ಮಾತೂ ಆಡುವುದಿಲ್ಲ.

ಅಮ್ಮ ಆಸ್ಪತ್ರೆಗೆ ಕಣ್ಣು ತೋರಿಸಲು ಹೋದ ದಿನ ಕೋಣೆಯ ಬೀಗ ತೆಗೆದೆ. ಮೇಣದ ವಾಸನೆ ಹಾಗೇ ಇದೆ. ಕಿಟಕಿಯ ಹತ್ತಿರ ಕೆಲಸದ ಮೇಜು, ಕಪಾಟಿನಲ್ಲಿ ಯಾರೂ ತೆಗೆದುಕೊಂಡು ಹೋಗದ ಹಲ್ಲಿನ ಸೆಟ್ಟುಗಳು ಸಾಲಾಗಿ. ಚಿಕ್ಕವಳಿದ್ದಾಗ ಅವುಗಳಿಗೆ ಹೆದರುತ್ತಿರಲಿಲ್ಲ. ಈಗ ಬೆನ್ನು ತಿರುಗಿಸಲು ಧೈರ್ಯವಾಗಲಿಲ್ಲ.

ನಾಣ್ಯದ ಆಲ್ಬಂಗಳನ್ನೆಲ್ಲ ತಿರುವಿದೆ. ಅಲ್ಲಿರಲಿಲ್ಲ. ಅಪ್ಪನ ಕೆಲಸದ ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಅದರ ಎದೆಯ ಜೇಬಿನಲ್ಲಿತ್ತು. ಕೈಗೆ ಸಿಕ್ಕ ಕೂಡಲೇ ಗೊತ್ತಾಯಿತು, ಡಬ್ಬಿಯವುಗಳಿಗಿಂತ ತುಸು ದೊಡ್ಡದು, ಭಾರ. ನೀವು ಹೇಳಿದ ಜಾಗದಲ್ಲಿ ತೂತು. ಬೆಳಕಿಗೆ ಹಿಡಿದರೆ ತೂತಿನಲ್ಲಿ ಕಿಟಕಿ ಕಾಣುತ್ತದೆ. ತೂತಿನ ಒಳಗಂಚಿಗೆ ಗುಲಾಬಿ ಬಣ್ಣದ ಮೇಣ ಅಂಟಿತ್ತು, ಅಪ್ಪ ವಸಡು ಮಾಡಲು ಬಳಸುತ್ತಿದ್ದರಲ್ಲ, ಅದೇ.

ಅಣ್ಣ ಸತ್ತಿದ್ದಾನೆ. ಬರೆದು ನೋಡಿದರೆ ಸತ್ಯವಾಗುತ್ತದೆ ಅಂದುಕೊಂಡಿದ್ದೆ. ಆಗುತ್ತಿಲ್ಲ. ನಾನು ಮದುವೆ ಬೇಡ ಅಂದದ್ದು, ಕೆಲಸಕ್ಕೆ ಸೇರಿದ್ದು, ಅಪ್ಪನ ಜೊತೆ ಅವನ ವಿಷಯಕ್ಕೆ ಎಷ್ಟೋ ಸಲ ಜಗಳವಾಡಿದ್ದು, ಎಲ್ಲ ಅವನು ಸತ್ತ ಮೇಲೆ. "ನೀವು ಅವನ್ನ ಓಡಿಸಿದ್ರಿ" ಅಂತ ನಾನು ಅಂದಾಗಲೂ ಆ ಬಿಲ್ಲೆ ಅವರ ಜೇಬಿನಲ್ಲೇ ಇತ್ತು.

ಈಗ ನಿಮ್ಮಿಂದ ಆಗಬೇಕಾದ ಕೆಲಸ ಹೇಳುತ್ತೇನೆ. ಮೇಜಿನ ಡ್ರಾಯರಿನೊಳಗೆ ಒಂದು ಲಕೋಟೆ ಸಿಕ್ಕಿತು. ಅಚ್ಚಿನಂತೆ ಬಿಡಿಸಿದ ಅಕ್ಷರದಲ್ಲಿ ಅಮ್ಮನ ವಿಳಾಸ, ಅಂಚೆಚೀಟಿ ಅಂಟಿಸಿದೆ, ಒಳಗೆ ಬಿಲ್ಲೆ. ಹೋದ ನವೆಂಬರಿನ ಮೇಳಕ್ಕೆ ತಯಾರು ಮಾಡಿಟ್ಟದ್ದು. ಬಾಯಿ ಅಂಟಿಸಿರಲಿಲ್ಲ, ತೆಗೆದು ನೋಡಿದೆ. ಗರಿಗಳು ಒಂದರ ಮೇಲೊಂದು ಹತ್ತಿ ಗೋಜಲಾಗಿವೆ.

ಅಮ್ಮ ನಿನ್ನೆ ಏನಂದಳು ಗೊತ್ತೇ? "ಅವನಿಗೆ ಏನೋ ಆಗಿದೆ ಕಣೇ. ಮಾತಾಡಿದ್ರೆ ಈಗ ಉತ್ತರ ಬರ್ತಿಲ್ಲ." ಆಮೇಲೆ ಊಟವನ್ನು ಪಕ್ಕಕ್ಕೆ ಸರಿಸಿದಳು. ಮಣಿಕಟ್ಟು ನನ್ನ ಎರಡು ಬೆರಳಲ್ಲಿ ಹಿಡಿಯುವಷ್ಟಾಗಿದೆ.

ಮೇ ತಿಂಗಳಲ್ಲಿ ಒಂದು ಮೇಳವಿದೆ, ನೀವು ಹೋಗುತ್ತೀರಿ. ಲಕೋಟೆಯನ್ನು ಬಾಯಿ ಅಂಟಿಸಿ ಇದರಲ್ಲಿಟ್ಟಿದ್ದೇನೆ. ಆ ಊರಿನ ಅಂಚೆಪೆಟ್ಟಿಗೆಗೆ ಹಾಕಿಬಿಡಿ. ಇದೊಂದು ಸಲ. ಅಮ್ಮ ಎರಡು ತುತ್ತು ಉಂಡರೆ ಸಾಕು, ಆಮೇಲಿನದು ಆಮೇಲೆ. ನಿಮ್ಮ ಕಾಲು ಹಿಡಿಯುತ್ತೇನೆ.

ಚಿಲ್ಲರೆ


೧೧ ಮೇ

ಮಗಳೇ,

ಮೇಳದ ಊರಿನಿಂದ ಬರೆಯುತ್ತಿದ್ದೇನೆ. ಛತ್ರದಂಥ ಹೋಟೆಲು, ಮೇಜಿನ ಒಂದು ಕಾಲು ಕುಂಟು, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಬೆಳಿಗ್ಗೆ ಲಕೋಟೆ ತೆಗೆದುಕೊಂಡು ಅಂಚೆಪೆಟ್ಟಿಗೆಯ ಮುಂದೆ ನಿಂತೆ. ಕೈ ಪೆಟ್ಟಿಗೆಯ ಬಾಯಿಯವರೆಗೂ ಹೋಯಿತು. ಹಿಂದೆ ನಿಂತವನು, "ಹಾಕ್ತೀರೋ ಇಲ್ವೋ ಯಜಮಾನ್ರೇ, ನಂಗೆ ಬಸ್ಸಿದೆ," ಅಂದ. ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟೆ. ಆಮೇಲೆ ಎಷ್ಟೋ ಜನ ಬಂದು ಹಾಕಿ ಹೋದರು. ನಿಮ್ಮಪ್ಪನೂ ಹೀಗೇ ಪ್ರತಿ ವರ್ಷ ಯಾವುದೋ ಊರಿನ ಪೆಟ್ಟಿಗೆಯ ಮುಂದೆ ನಿಂತಿರುತ್ತಾನೆ. ಮೇಳದಲ್ಲಿ ಅವನಿಗೆ ಯಾರೂ ಮುಖ ಕೊಡುತ್ತಿರಲಿಲ್ಲ, ವ್ಯಾಪಾರವೂ ಇರಲಿಲ್ಲ. ಮತ್ತೆ ಯಾಕೆ ಬರುತ್ತಾನೆ, ಮಾನವಿಲ್ಲದವನು ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಬರುತ್ತಿದ್ದದ್ದು ಇದಕ್ಕೆ.

ಹಜಾರಕ್ಕೆ ಹೋದರೆ ಆ ತುದಿಯ ಕುರ್ಚಿ ಖಾಲಿಯಿತ್ತು. ಇಡೀ ದಿನ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಯಾರೋ ಅಲ್ಲಿ ಕೂರಲು ಹೋದಾಗ, "ಅಲ್ಲಿ ಜನ ಇದಾರೆ," ಎಂದು ಕೂಗಿಬಿಟ್ಟೆ.

ನಾನು ಹಾಕಲಿಲ್ಲ. ಲಕೋಟೆಯನ್ನು ನಿನ್ನ ಹೆಸರಿಗೆ ವಾಪಸ್ ಕಳಿಸುತ್ತಿದ್ದೇನೆ.

ಬೈದುಕೊ, ಆದರೆ ಕೇಳು. ನಿಮ್ಮಪ್ಪ ಹಾಕಿದ್ದರೆ ಅದು ಅವನು ಹೆಂಡತಿಗೆ ಕಳಿಸಿದ್ದು. ನಾನು ಹಾಕಿದರೆ ಅದು ಬರೀ ಸುಳ್ಳು. ಈ ವರ್ಷ ನಾನು ಹಾಕಿದರೆ ಮುಂದಿನ ವರ್ಷ ಯಾರು ಎರಕ ಹೊಯ್ಯುತ್ತಾರೆ, ನೀನೇ? ನಿನ್ನ ಕೈ ನಡುಗುವ ತನಕ? ಅವನು ಒಬ್ಬನೇ ಹೊತ್ತು ಹೊತ್ತು ಹೋದ. ಅದನ್ನು ಈಗ ನಿನ್ನ ಜೇಬಿಗೆ ಇಳಿಸಲು ನನಗೆ ಮನಸ್ಸಿಲ್ಲ. ಬಿಲ್ಲೆಯನ್ನು ನಿನ್ನ ಕೈಯಿಂದಲೇ ಅಮ್ಮನ ಕೈಗೆ ಕೊಡು. ಯಾರು ಕಳಿಸಿದ್ದು ಎಂದು ಹೇಳುವುದು ನಿನಗೇ ಬಿಟ್ಟದ್ದು.

ನೀನು ಬೆಲೆ ಕೇಳಿದ್ದೆ. ನಮ್ಮ ಕಸುಬಿನ ಪ್ರಕಾರ ತೂತು ಬಿದ್ದ ಅಸಲಿಗೆ ಅರ್ಧ ಬೆಲೆ, ನಕಲಿಗೆ ಏನೂ ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕಸುಬಿನ ಮೇಲೆ ನನಗೆ ನಾಚಿಕೆಯಾಯಿತು.

ಮಾಮ


೨೫ ಮೇ

ಮಾಮ,

ಲಕೋಟೆ ಬಂದ ದಿನ ನಿಮ್ಮ ಮೇಲೆ ಕೆಂಡದಂಥ ಕೋಪ ಬಂತು. ಹತ್ತಿರದ ಅಂಚೆಪೆಟ್ಟಿಗೆಗೆ ನಾನೇ ಹಾಕಿಬಿಡೋಣ ಅಂತ ಚಪ್ಪಲಿ ಕೂಡ ಮೆಟ್ಟಿಕೊಂಡಿದ್ದೆ. ಒಳಗೆ ಅಮ್ಮ ಕುರ್ಚಿಯ ಜೊತೆ ಮಾತಾಡುತ್ತಿದ್ದಳು. ಹೊಸಿಲ ಹತ್ತಿರ ನಿಂತು ಕೇಳಿದೆ. ಒಂದು ಪ್ರಶ್ನೆ ಕೇಳಿ ಸುಮ್ಮನಾದಳು. ಮತ್ತೆ ಅದನ್ನೇ ಕೇಳಿದಳು. ಮತ್ತೆ ಅದನ್ನೇ. "ಊಟ ಮಾಡಿದ್ಯಾ? ಊಟ ಮಾಡಿದ್ಯಾ ಮಗು?" ಚಪ್ಪಲಿ ಬಿಟ್ಟು ಒಳಗೆ ಹೋದೆ.

ಖಾಲಿ ಕುರ್ಚಿಯಲ್ಲಿ ನಾನೇ ಕೂತೆ. ಅಮ್ಮನ ಒಂದು ಕೈಯಲ್ಲಿ ತೂತಿನ ಬಿಲ್ಲೆ, ಇನ್ನೊಂದರಲ್ಲಿ ಅಪ್ಪನ ಕೊನೆಯ ಬಿಲ್ಲೆ ಇಟ್ಟು ಎಲ್ಲ ಹೇಳಿದೆ. ಒಡ್ಡು ಒಡೆದದ್ದು, ಅಪ್ಪ ಹೋಗಿ ನೋಡಿ ಬಂದದ್ದು, ಮೇಳದ ಊರುಗಳು, ಮೇಣ. ಒಂದನ್ನೂ ಬಿಡಲಿಲ್ಲ. ಅಮ್ಮ ಕೂಗುತ್ತಾಳೆ, ಬೀಳುತ್ತಾಳೆ ಅಂತ ಅವಳ ಮೊಣಕೈ ಹಿಡಿದುಕೊಂಡೇ ಇದ್ದೆ.

ಅಮ್ಮ ತೂತಿನೊಳಗೆ ಕಿರುಬೆರಳ ತುದಿ ಇಟ್ಟಳು. "ಇದು ಒಂದೇ ಅವನದು," ಅಂದಳು. ನನ್ನನ್ನು ಕೇಳಿದ್ದಲ್ಲ.

ಆಮೇಲೆ ಡಬ್ಬಿ ತರಿಸಿದಳು. ಬಿಲ್ಲೆಗಳನ್ನು ನೀವು ಸುತ್ತಿಟ್ಟ ಸಾಲಿನಲ್ಲೇ ತೆಗೆದು ಹಾಸಿಗೆಯ ಮೇಲೆ ಇಟ್ಟುಕೊಂಡು ಒಂದೊಂದರ ಎದೆಯನ್ನೂ ಉಗುರಿನಿಂದ ಸವರುತ್ತ ಬಂದಳು. ಅವಳ ಕಣ್ಣಿಗೆ ಆ ಗೆರೆ ಕಾಣುವುದಿಲ್ಲ, ಉಗುರಿಗೆ ತಿಳಿಯುತ್ತದೆ. ಕೊನೆಕೊನೆಯವಕ್ಕೆ ಬಂದಾಗ ನಿಂತಳು.

"ಇದನ್ನ ಮಾಡೋವಾಗ ಅವರಿಗೆ ಕೈ ಆಗ್ತಾ ಇರ್ಲಿಲ್ಲ," ಅಂದಳು. "ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗ್ತಿರ್ಲಿಲ್ಲ. ನಾನೇ ಹಾಕ್ತಾ ಇದ್ದೆ, ಬೈಕೊಂಡು."

ಮಾಮ, ಆಗ ಅತ್ತಳು. ಆಗಸ್ಟಿನಿಂದ ಬಾರದ ಅಳು. ಮೊದಲು ಅಣ್ಣನಿಗೆ ಅಂದುಕೊಂಡೆ. "ಕಲ್ಲು ಅಂದೆನಲ್ಲೇ. ಬಾಗಿಲಾಚೆ ನಿಂತು ಕಲ್ಲು ಅಂದೆ. ಕೇಳಿಸ್ಕೊಂಡು ಒಳಗೆ ಇದನ್ನ ಮಾಡ್ತಾ ಕೂತಿದ್ರು," ಅಂತ ಹೇಳಿಕೊಂಡು ಅಪ್ಪನಿಗೆ ಅತ್ತಳು, ಅದರೊಳಗಿಂದಲೇ ಅಣ್ಣನಿಗೆ ಅತ್ತಳು, ಎಲ್ಲಿ ಒಂದು ನಿಂತು ಎಲ್ಲಿ ಇನ್ನೊಂದು ಶುರುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಇಬ್ಬರೂ ಒಂದೇ ದಿನ ಸತ್ತರು ನಮ್ಮ ಮನೆಯಲ್ಲಿ. ನಾನೂ ಅತ್ತೆ. ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳಿದಾಗ ಏನು ಹೇಳುವುದು? "ನಮ್ಮಣ್ಣ ಹೋಗಿಬಿಟ್ಟ," ಅಂದೆ. ಈಗಷ್ಟೇ ಸುದ್ದಿ ಬಂತೇ ಎಂದು ಕೇಳಿದರು. ಹೌದು ಅಂದೆ.

ಅಮ್ಮ ಈಗ ಕುರ್ಚಿಯ ಜೊತೆ ಮಾತಾಡುವುದಿಲ್ಲ. ಮನೆ ತುಂಬ ಸುಮ್ಮನಾಗಿದೆ. ಅದು ಒಳ್ಳೆಯದೋ ಕೆಟ್ಟದ್ದೋ ನನಗಿನ್ನೂ ತಿಳಿಯುತ್ತಿಲ್ಲ. ನಿನ್ನೆ ಸಂಜೆ ಗಂಜಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟು, ಅಪ್ಪನ ಕೋಣೆಯ ಬಾಗಿಲು ತೆಗೆಸಿ ಒಳಗೆ ಸ್ವಲ್ಪ ಹೊತ್ತು ಕೂತಿದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ನಾನು ಚಿಕ್ಕವಳಿದ್ದಾಗ ಕಂಡ ಹಳೆಯ ಸಿಟ್ಟು ಇತ್ತು. ನಿಮಗೆ ಹೇಳಬೇಕೆಂದು ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ:

"ಆ ಸ್ನೇಹಿತರಿಗೆ ಒಂದ್ಸಲ ಮನೆಗೆ ಬರೋಕೆ ಹೇಳು. ನಿಮ್ಮಪ್ಪನ್ನ ಬೈಯೋಕೆ ನಾನೊಬ್ಬಳೇ ಸಾಲಲ್ಲ."

ಚಿಲ್ಲರೆ